ಎಕ್ಸ್ ಅಂದ್ರ ಚೀಲ ಅಲ್ಲ

ಎಕ್ಸ್‌ನ ಬೆಲೆ 4 ಆದರೆ 3ಎಕ್ಸ್ ಎಷ್ಟು? ಎಂಟನೇ ತರಗತಿಯಲ್ಲಿ ಹೀಗೆ ಕೇಳಿದ ದಿನ ಅರ್ಧಕ್ಕರ್ಧ ಮಕ್ಕಳು 34 ಎಂದು ಬರೆದರು. 3ಎಕ್ಸ್ ಅಂದರೆ ಎಕ್ಸ್‌ನ ಮೂರು ಪಟ್ಟು, ಉತ್ತರ 12. ಅವರು ಎಕ್ಸ್ ಇದ್ದ ಜಾಗದಲ್ಲಿ 4 ಇಟ್ಟಿದ್ದರು, ಅಷ್ಟೇ. ಮೂರರ ಪಕ್ಕ ನಾಲ್ಕು ಕೂತರೆ ಮೂವತ್ನಾಲ್ಕು ಎಂದು ಕಲಿಸಿದವರು ನಾವೇ. ಮಕ್ಕಳನ್ನು ಬೈದು ಏನು ಪ್ರಯೋಜನ?

ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮರುದಿನ ಕಿರಾಣಿ ಅಂಗಡಿಯಿಂದ ತಕ್ಕಡಿ, ತೂಕದ ಕಲ್ಲು ಕೇಳಿ ತಂದೆ. ಮನೆಯಲ್ಲೇ ಎರಡು ಸಣ್ಣ ಚೀಲಗಳಲ್ಲಿ ಸಮನಾಗಿ ತೊಗರಿ ತುಂಬಿ ಬಾಯಿ ಹೊಲಿದಿದ್ದೆ. ಒಂದು ತಟ್ಟೆಯಲ್ಲಿ ಎರಡೂ ಚೀಲ, ಜೊತೆಗೆ 100 ಗ್ರಾಂ ಕಲ್ಲು. ಇನ್ನೊಂದು ತಟ್ಟೆಯಲ್ಲಿ 200, 200, 100ರ ಕಲ್ಲುಗಳು. ಮುಳ್ಳು ನಡುವೆ ನಿಂತಿತು. ಬಿಚ್ಚದೆ ಹೇಳಿ, ಒಂದೊಂದು ಚೀಲ ಎಷ್ಟು ತೂಗುತ್ತದೆ? ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಬಂದು ಎರಡೂ ಕಡೆಯಿಂದ ನೂರರ ಕಲ್ಲು ತೆಗೆದ. ಉಳಿದ 400ನ್ನು ಎರಡು ಪಾಲು ಮಾಡಿ "ಇನ್ನೂರ್ರೀ ಟೀಚರ್" ಅಂದ. ಸಮೀಕರಣದ ಒಂದು ಬದಿಯಲ್ಲಿರುವುದನ್ನು ಇನ್ನೊಂದು ಬದಿಗೆ ಒಯ್ಯುವುದಕ್ಕೆ ಪಕ್ಷಾಂತರ ಎನ್ನುತ್ತೇವೆ. ಆ ಪದವನ್ನು ಆಮೇಲೆ ಎರಡು ವಾರ ನಾನು ಬಾಯಿಗೇ ತರಲಿಲ್ಲ. ಆಚೆ ಹೋದರೆ ಚಿಹ್ನೆ ಬದಲು ಎಂದು ಮೊದಲೇ ಉರು ಹೊಡೆಸಿದರೆ ತಕ್ಕಡಿ ಮರೆತೇಹೋಗುತ್ತದೆ.

ಆದರೆ ಇಲ್ಲೇ ಒಂದು ತಪ್ಪು ಮಾಡಿದೆ. ಸುಲಭವಾಗಲಿ ಎಂದು ಎಕ್ಸ್ ಬಿಟ್ಟು 'ಚ' ಬಳಸಿದೆ. ಮಕ್ಕಳು 2ಚ ಎಂಬುದನ್ನು "ಎರಡು ಚೀಲ" ಎಂದೇ ಓದತೊಡಗಿದರು. ಚ ಒಂದು ಸಂಖ್ಯೆ ಎಂಬುದೇ ಹೋಯಿತು, ವಸ್ತುವಿನ ಹೆಸರಾಯಿತು. ಚ=200 ಎಂದು ಬರೆದರೆ "ಇನ್ನೂರು ಚೀಲ ಏನ್ರೀ?" ಅಂದರು. ಮತ್ತೆ ಎಕ್ಸ್‌ಗೇ ಮರಳಿದೆ. ಅಂದಿನಿಂದ ಪ್ರತಿ ಲೆಕ್ಕದ ಮೊದಲ ಸಾಲು ಕಡ್ಡಾಯ: ಎಕ್ಸ್ ಅಂದರೆ ಚೀಲ ಅಲ್ಲ, ಚೀಲದೊಳಗಿನ ಗ್ರಾಂ ಎಷ್ಟೋ ಅಷ್ಟು. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಗೆ 'ಯಾವತ್‌ತಾವತ್' ಎನ್ನುತ್ತಿದ್ದರು. ಅದರ ಅರ್ಥವೂ ಎಷ್ಟೋ ಅಷ್ಟು ಎಂದೇ. ನನಗೆ ಅದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ನಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರ ಮಾವಿನ ಹಣ್ಣಿನ ಲೆಕ್ಕವನ್ನು ಮಕ್ಕಳಿಗೆ ಕೊಟ್ಟೆ. ರಾಜ ಆರನೇ ಒಂದು ಪಾಲು ತೆಗೆದುಕೊಂಡ, ಉಳಿದದ್ದರಲ್ಲಿ ರಾಣಿ ಐದನೇ ಒಂದು, ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು ನಾಲ್ಕನೇ ಒಂದು, ಮೂರನೇ ಒಂದು, ಅರ್ಧ. ಕೊನೆಯ ಮಗುವಿಗೆ 3 ಹಣ್ಣು. ಒಟ್ಟು 18. ಎಲ್ಲರಿಗೂ ಮೂರೇ ಬಂದದ್ದು ಕಂಡಾಗ ಮಕ್ಕಳ ಮುಖ ನೋಡಬೇಕಿತ್ತು.

ಡಿಸೆಂಬರ್‌ನಲ್ಲಿ ಸರಾಸರಿ ಪಾಠ. ಶಾಲೆಯ ಸುತ್ತ ತೊಗರಿ ಕಾಯಿ ಬಲಿತಿತ್ತು. ನಾಲ್ಕು ಗುಂಪು, ಗುಂಪಿಗೆ 10 ಕಾಯಿ. ಸುಲಿದು ಎಣಿಸಿದಾಗ 3 ಕಾಯಿಗಳಲ್ಲಿ ಎರಡೆರಡು ಕಾಳು, 12ರಲ್ಲಿ ಮೂರು, 18ರಲ್ಲಿ ನಾಲ್ಕು, 7ರಲ್ಲಿ ಐದು. ಒಟ್ಟು 149 ಕಾಳು, ಸರಾಸರಿ 3.725. "ಕಾಯ್ಯಾಗ ಮುಕ್ಕಾಲು ಕಾಳು ಎಲ್ಲಿರ್ತದ್ರೀ ಟೀಚರ್?" ಎಂದು ಕೇಳಿದಳು ಒಬ್ಬಳು. ಉತ್ತರ ಹೇಳಲಿಲ್ಲ. ಕಾಳೆಲ್ಲ ಒಟ್ಟು ಸುರಿದು 40 ಸಮ ಪಾಲು ಹಾಕಿಸಿದೆ. ಮೂರು ಮೂರು ಹಾಕಿದ ಮೇಲೆ 29 ಉಳಿದವು. ಆ 29ನ್ನು 40 ಪಾಲಿಗೆ ಹಂಚಿದರೆ ಒಂದೊಂದಕ್ಕೆ 0.725. ಸರಾಸರಿ ಎಂದರೆ ಒಂದು ಕಾಯಿಯಲ್ಲಿ ಇರುವುದಲ್ಲ, ಎಲ್ಲವನ್ನೂ ಸಮ ಹಂಚಿದರೆ ಬರುವುದು ಎಂದು ಅವಳೇ ಹೇಳಿದಳು. ಬಹುಲಕ, ಅಂದರೆ ಹೆಚ್ಚು ಸಲ ಬಂದ ಸಂಖ್ಯೆ, 4. ಮಧ್ಯಾಂಕ, ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದಾಗ ನಡುವೆ ಬರುವುದು, ಅದೂ 4.

ಹಾಗಾದರೆ ಮಧ್ಯಾಂಕ ಬೇರೆ ಯಾಕೆ ಬೇಕು? ಅದಕ್ಕೆ ಬೋರ್ಡಿನ ಮೇಲೆ ಐದು ಮನೆಗಳ ಹೊಲ ಬರೆದೆ: 2, 3, 3, 4, 48 ಎಕರೆ. ಮಕ್ಕಳ ಸ್ವಂತ ಮನೆಯ ಹೊಲ ಕೇಳಲಿಲ್ಲ. ಹೊಲವೇ ಇಲ್ಲದ ಮನೆಯ ಮಕ್ಕಳಿದ್ದಾರೆ, ಲೆಕ್ಕದ ನೆಪದಲ್ಲಿ ಅವರನ್ನು ತಲೆ ತಗ್ಗಿಸುವಂತೆ ಮಾಡಬಾರದು. ಸರಾಸರಿ 12. "ಹನ್ನೆರಡು ಎಕರೆ ಯಾರದೂ ಇಲ್ಲಲ್ರೀ" ಎಂದು ಇಡೀ ತರಗತಿ ಕೂಗಿತು. ಮಧ್ಯಾಂಕ 3.

ಆ ವಾರವೇ ಒಂದು ಗುಂಪಿನ ಹಾಳೆಗೆ ನೀರು ಬಿದ್ದು ಒಂದು ಅಂಕಿ ಅಳಿಸಿಹೋಗಿತ್ತು. ಅವರ 10 ಕಾಯಿಗಳ ಸರಾಸರಿ 3.8 ಎಂಬುದು ಮಾತ್ರ ಬೋರ್ಡಿನಲ್ಲಿತ್ತು. ಉಳಿದ ಒಂಬತ್ತರ ಮೊತ್ತ 34. ಹತ್ತಿರ ಹೋಗುವಷ್ಟರಲ್ಲಿ ಹುಡುಗಿಯೊಬ್ಬಳು ಪೆನ್ಸಿಲ್‌ನಲ್ಲಿ 34+ಎಕ್ಸ್=38 ಎಂದು ಬರೆದು ಮುಗಿಸಿದ್ದಳು. ಬೀಜಗಣಿತ ಬಳಸು ಎಂದು ಯಾರೂ ಹೇಳಿರಲಿಲ್ಲ. ಅದರ ಮೇಲಿನ ಸಾಲಿನಲ್ಲಿ ಅವಳದೇ ಅಕ್ಷರ: "ಎಕ್ಸ್ ಅಂದ್ರ ಕಾಯಿ ಅಲ್ಲ, ಹತ್ತನೇ ಕಾಯ್ಯಾಗಿನ ಕಾಳು ಎಷ್ಟೋ ಅಷ್ಟು."