ಅನುದಾನ ಪಡೆದವರನ್ನು ಕೇಳುವುದು ಹೇಗೆ?

‘ಕಾರ್ಯಕ್ರಮ ಚೆನ್ನಾಗಿ ನಡೀತು ಸರ್, ನಿಮ್ಮಿಂದ ತುಂಬಾ ಉಪಕಾರ ಆಯ್ತು.’

ಅನುದಾನ ಪಡೆದ ಸಂಘದವರಿಗೆ ಫೋನ್ ಮಾಡಿ ‘ಹೇಗಿತ್ತು?’ ಅಂದರೆ ಬರುವ ಉತ್ತರ ಇದು. ಹತ್ತು ಜನರಿಗೆ ಮಾಡಿದರೂ ಇದೇ. ಅವರೇನೂ ಸುಳ್ಳು ಹೇಳುತ್ತಿಲ್ಲ. ಮುಂದಿನ ವರ್ಷವೂ ಅರ್ಜಿ ಹಾಕಬೇಕು, ಕೇಳುತ್ತಿರುವವರು ಹಣ ಕೊಟ್ಟವರು. ಊಟ ಹಾಕಿದ ಮನೆಯವರೇ ಎದುರು ನಿಂತು ‘ಸಾರು ಹೇಗಿತ್ತು?’ ಅಂತ ಕೇಳಿದರೆ ಉಪ್ಪು ಜಾಸ್ತಿ ಅನ್ನುವವರು ಎಷ್ಟು ಜನ?

ಊರಿನ ಚರಿತ್ರೆ ಬರೆಸುವುದು, ಶಾಸನ ಓದುವ ಕಮ್ಮಟ, ಹಿರಿಯರ ನೆನಪು ರೆಕಾರ್ಡ್ ಮಾಡುವುದು, ಲೈಬ್ರರಿಯಲ್ಲಿ ಪುಸ್ತಕದ ಮಾತುಕತೆ. ಇಂಥ ಕೆಲಸಗಳಿಗೆ ನಮ್ಮಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಅಕಾಡೆಮಿಗಳು, ಖಾಸಗಿ ಟ್ರಸ್ಟುಗಳು ಹಣ ಕೊಡುತ್ತವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡುತ್ತಿದೆ. ಅಮೆರಿಕದಲ್ಲಿ ಇದಕ್ಕೆಂದೇ 1965ರಲ್ಲಿ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮ್ಯಾನಿಟೀಸ್ ಶುರುವಾಯಿತು. ಅದರ ಹಣದ ಒಂದು ಪಾಲು ರಾಜ್ಯ ಮಟ್ಟದ 56 ಕೌನ್ಸಿಲ್‌ಗಳ ಮೂಲಕ ಊರೂರಿನ ಲೈಬ್ರರಿ, ಮ್ಯೂಸಿಯಂಗಳಿಗೆ ಹೋಗುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಅನುದಾನಗಳನ್ನು ಸಾರಾಸಗಟಾಗಿ ರದ್ದು ಮಾಡಿತು. ‘ಈ ಹಣದಿಂದ ಏನಾಯ್ತು?’ ಎಂಬ ಪ್ರಶ್ನೆ ಎಲ್ಲಾದರೂ, ಯಾವಾಗಲಾದರೂ ಎದುರಾಗುವಂಥದ್ದೇ. ಬಿಲ್ಲು, ಫೋಟೊ, ಪೇಪರ್ ಕಟಿಂಗ್, ಹಣ ಬಳಕೆ ಪ್ರಮಾಣಪತ್ರ ಎಲ್ಲ ಫೈಲಿನಲ್ಲಿರುತ್ತವೆ ನಿಜ. ಅವುಗಳಿಂದ ಗೊತ್ತಾಗುವುದು ಹಣ ಖರ್ಚಾಯಿತು ಅನ್ನೋದು ಮಾತ್ರ.

ಕೆಲ ವರ್ಷಗಳ ಹಿಂದೆ ಒಂದು ಟ್ರಸ್ಟಿಗಾಗಿ, ಏನಾಯ್ತು ಅಂತ ಅನುದಾನ ಪಡೆದವರನ್ನೇ ಕೇಳುವ ಸಮೀಕ್ಷೆಗೆ ನಾನು ಕೈ ಹಾಕಿದ್ದೆ. ಮೊದಲ ಸಲ ಪೂರ್ತಿ ಕೆಡಿಸಿದೆ. ನಲವತ್ತಕ್ಕೂ ಜಾಸ್ತಿ ಪ್ರಶ್ನೆ, ಮೇಲ್ಗಡೆ ಹೆಸರು, ಸಂಘದ ನೋಂದಣಿ ಸಂಖ್ಯೆ. ತಿರುಗಿ ಬಂದ ಫಾರಂಗಳಲ್ಲಿ ಎಲ್ಲರೂ ಎಲ್ಲದಕ್ಕೂ ಐದಕ್ಕೆ ಐದು ಅಂಕ ಕೊಟ್ಟಿದ್ದರು. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಾಳೆ

ಪ್ರಶ್ನೆ ಬರೆಯುವ ಮೊದಲು ಒಂದು ಹಾಳೆ ತಗೊಳ್ಳಿ. ಈ ಸಮೀಕ್ಷೆಯಿಂದ ಯಾವ ತೀರ್ಮಾನ ಬದಲಾಗಬಹುದು ಅಂತ ಬರೆಯಿರಿ. ಹಣವನ್ನು ಒಂದೇ ಕಂತಿನಲ್ಲಿ ಕೊಡಬೇಕೋ ಎರಡರಲ್ಲೋ? ಸಣ್ಣ ಮೊತ್ತವನ್ನು ಹಲವರಿಗೋ, ದೊಡ್ಡದನ್ನು ಕೆಲವರಿಗೋ? ಉತ್ತರ ಏನೇ ಬಂದರೂ ಏನೂ ಬದಲಾಗುವುದಿಲ್ಲ ಅಂತಾದರೆ ಆ ಪ್ರಶ್ನೆ ಬೇಡ. ಸುಮ್ನೆ ಕುತೂಹಲಕ್ಕೆ ಜನರ ಹೊತ್ತು ತಿನ್ನಬಾರದು.

ಪಟ್ಟಿಯಲ್ಲಿ ಯಾರ್ಯಾರು?

ಫೈಲುಗಳಿಂದ ಹಿಂದಿನ ಮೂರು ವರ್ಷದ ಹೆಸರು ತೆಗೆಯಿರಿ. ಇನ್ನೂರು ಮುನ್ನೂರರೊಳಗೆ ಇದ್ದರೆ ಎಲ್ಲರನ್ನೂ ಕೇಳಿಬಿಡಿ, ಸ್ಯಾಂಪಲ್ ಗೋಜೇ ಬೇಡ. ಫೋನ್ ನಂಬರುಗಳಲ್ಲಿ ಎಷ್ಟೋ ಬದಲಾಗಿರುತ್ತವೆ, ಕಾರ್ಯದರ್ಶಿಯೂ ಬದಲಾಗಿರುತ್ತಾರೆ. ಈ ಕೆಲಸಕ್ಕೇ ಒಂದು ವಾರ ಇಟ್ಟುಕೊಳ್ಳಿ.

ಇನ್ನೂ ಮೂರು ಗುಂಪುಗಳಿವೆ: ಹಣ ಪಡೆದು ಕೆಲಸ ಅರ್ಧಕ್ಕೇ ಬಿಟ್ಟವರು, ಒಮ್ಮೆ ಪಡೆದು ಮತ್ತೆ ಈ ಕಡೆ ತಲೆ ಹಾಕದವರು, ಅರ್ಜಿ ಹಾಕಿಯೂ ಸಿಗದವರು. ನನಗೆ ಹೆಚ್ಚು ಕಲಿಸಿದವರು ಇವರೇ. ಅನುದಾನ ಸಿಗದವರಲ್ಲಿ ಕೆಲವರು ಊರಲ್ಲೇ ಚಂದಾ ಎತ್ತಿ ಕೆಲಸ ಮುಗಿಸಿದ್ದರು. ಹಾಗಾದರೆ ನಮ್ಮ ಹಣ ನಿಜಕ್ಕೂ ಎಲ್ಲಿ ಬೇಕಿತ್ತು ಅಂತ ಯೋಚಿಸಬೇಕಾಯಿತು.

ಪ್ರಶ್ನೆಯಲ್ಲೇ ಎಲ್ಲ ಇದೆ

ಅಭಿಪ್ರಾಯಕ್ಕಿಂತ ನಡೆದದ್ದನ್ನು ಕೇಳಿ. ಇದೊಂದು ನೆನಪಿದ್ದರೆ ಅರ್ಧ ಕೆಲಸ ಆದಂತೆ.

‘ಹಣ ಸಕಾಲದಲ್ಲಿ ಬಂತೇ?’ ಅಂದರೆ ‘ಹೌದು’ ಅನ್ನುತ್ತಾರೆ. ಅದರ ಬದಲು ಹೀಗೆ ಕೇಳಿ: ‘ಮಂಜೂರಾತಿ ಪತ್ರ ಬಂದು ಎಷ್ಟು ತಿಂಗಳಿಗೆ ಹಣ ಖಾತೆಗೆ ಬಂತು? ಅಲ್ಲಿವರೆಗೆ ಖರ್ಚು ಯಾರು ಹಾಕಿದರು?’ ಎರಡನೇ ಸಲ ನಾನು ಇದನ್ನೇ ಕೇಳಿದೆ. ಒಬ್ಬರು ‘ಹೆಂಡತಿಯ ಬಳೆ ಅಡವಿಟ್ಟೆ’ ಅಂತ ಬರೆದರು. ಮೊದಲ ಸಲದ ಫಾರಂನಲ್ಲಿ ಇದೇ ಯೋಜನೆಗೆ ಐದಕ್ಕೆ ಐದು ಬಿದ್ದಿತ್ತು ಅನ್ನೋದನ್ನು ಮರೆಯಬೇಡಿ.

ಎಷ್ಟು ಜನ ಬಂದಿದ್ದರು ಅಂದರೆ ಐನೂರು ಅನ್ನುತ್ತಾರೆ. ಎಷ್ಟು ಕುರ್ಚಿ ಬಾಡಿಗೆಗೆ ತಂದಿರಿ, ಎಷ್ಟು ಊಟಕ್ಕೆ ಹೇಳಿದ್ದಿರಿ ಅಂತ ಕೇಳಿ. ಆದರೆ ತಲೆ ಎಣಿಸುವುದರಲ್ಲೇ ಮುಳುಗಬೇಡಿ. ಶಾಸನ ಓದುವ ಕಮ್ಮಟಕ್ಕೆ ಹನ್ನೆರಡೇ ಜನ ಬಂದು, ಅವರಲ್ಲಿ ಇಬ್ಬರು ಇವತ್ತಿಗೂ ಹಳಗನ್ನಡ ಲಿಪಿ ಓದುತ್ತಿದ್ದರೆ ಅದು ಸಣ್ಣ ಫಲವೇನಲ್ಲ. ಅದಕ್ಕೆ ಬೇರೆ ಪ್ರಶ್ನೆ ಬೇಕು: ‘ಕಾರ್ಯಕ್ರಮ ಮುಗಿದು ಒಂದು ವರ್ಷದ ಮೇಲೆ ಏನು ಉಳಿದಿದೆ?’ ಪುಸ್ತಕ ಬಂದಿದ್ದರೆ ಎಷ್ಟು ಪ್ರತಿ ಅಟ್ಟದ ಮೇಲಿದೆ? ರೆಕಾರ್ಡಿಂಗ್ ಮಾಡಿದ್ದರೆ ಅದು ಈಗ ಎಲ್ಲಿದೆ? ಈ ಕೊನೇ ಪ್ರಶ್ನೆಗೆ ಬಂದ ಉತ್ತರಗಳನ್ನು ಓದುವಾಗ ಹೊಟ್ಟೆ ಉರಿಯಿತು. ಯಾರದೋ ಪೆನ್‌ಡ್ರೈವ್, ಯಾರದೋ ಹಳೇ ಫೋನು. ಹಾಡಿದ ಅಜ್ಜಿ ತೀರಿಹೋಗಿದ್ದಾರೆ, ಫೋನೂ ಕೆಟ್ಟಿದೆ.

ಇನ್ನೊಂದನ್ನು ಬಿಡಲೇಬಾರದು: ‘ಈ ಅನುದಾನ ಬರದಿದ್ದರೆ ಏನು ಮಾಡುತ್ತಿದ್ದಿರಿ?’ ಕೆಲಸವನ್ನೇ ಕೈಬಿಡುತ್ತಿದ್ದೆವು, ಚಿಕ್ಕದಾಗಿ ಮಾಡುತ್ತಿದ್ದೆವು, ಮುಂದಕ್ಕೆ ಹಾಕುತ್ತಿದ್ದೆವು, ಹೀಗೇ ಮಾಡುತ್ತಿದ್ದೆವು ಅಂತ ನಾಲ್ಕು ಆಯ್ಕೆ ಕೊಡಿ.

ಒಂದೇ ಪ್ರಶ್ನೆಯಲ್ಲಿ ಎರಡನ್ನು ತುರುಕಬೇಡಿ. ‘ಅರ್ಜಿ ಸರಳವಾಗಿತ್ತೇ ಮತ್ತು ಸಿಬ್ಬಂದಿ ಸಹಕರಿಸಿದರೇ?’ ಅಂದರೆ ಉತ್ತರ ಯಾವುದಕ್ಕೆ? ‘ಮಾನವಿಕ ವಿಷಯಗಳ ಪ್ರಸರಣ’ದಂಥ ಕಚೇರಿ ಮಾತೂ ಬೇಡ. ಒಟ್ಟು ಹದಿನೈದು ಪ್ರಶ್ನೆ ಸಾಕು. ಎರಡಕ್ಕೆ ಅವರದೇ ಮಾತಲ್ಲಿ ಬರೆಯಲು ಜಾಗ ಬಿಡಿ.

ಹೆಸರು ಬೇಡ, ಊರೂ ಬೇಡ

ಹೆಸರು ಕೇಳದಿದ್ದರೆ ಸಾಲದು. ಜಿಲ್ಲೆ, ಕಲೆಯ ಪ್ರಕಾರ, ವರ್ಷ ಮೂರನ್ನೂ ಕೇಳಿದರೆ ಯಾರು ಅಂತ ಕಣ್ಣು ಮುಚ್ಚಿ ಹೇಳಬಹುದು. ಒಂದು ಜಿಲ್ಲೆಯಲ್ಲಿ ತೊಗಲುಗೊಂಬೆ ಆಟಕ್ಕೆ ಅನುದಾನ ಪಡೆದವರು ಎಷ್ಟು ಮಂದಿ ಇದ್ದಾರು? ಆದ್ದರಿಂದ ಜಿಲ್ಲೆಯ ಬದಲು ಹಲವು ಜಿಲ್ಲೆ ಸೇರಿದ ಕಂದಾಯ ವಿಭಾಗ ಮಾತ್ರ ಕೇಳಿ. ವರದಿಯಲ್ಲಿ ಐದಕ್ಕಿಂತ ಕಡಿಮೆ ಜನರ ಗುಂಪನ್ನು ಪ್ರತ್ಯೇಕವಾಗಿ ತೋರಿಸಬೇಡಿ.

ಕೇಳುವವರು ಹಣ ಮಂಜೂರು ಮಾಡಿದವರಾಗಿರಬಾರದು. ಹತ್ತಿರದ ಕಾಲೇಜಿನ ಸಮಾಜಶಾಸ್ತ್ರ ವಿಭಾಗಕ್ಕೆ ವಹಿಸಬಹುದು. ಫಾರಂ ಅವರಿಗೇ ಹೋಗಲಿ, ಕಚೇರಿಗೆ ಲೆಕ್ಕ ಮಾತ್ರ ಬರಲಿ. ಈ ಫಾರಂ ತುಂಬಿದರಷ್ಟೇ ಮುಂದಿನ ಕಂತು ಅಂತ ಷರತ್ತು ಹಾಕಿದಿರೋ, ಎಲ್ಲವೂ ಮತ್ತೆ ಐದಕ್ಕೆ ಐದು.

ಐದು ಜನರ ಮುಂದೆ ಓದಿ

ಕಳಿಸುವ ಮೊದಲು ಐದು ಜನರ ಎದುರು ಕೂತು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ. ಪ್ರತಿ ಪ್ರಶ್ನೆಗೂ ‘ನಿಮಗೆ ಏನು ಅರ್ಥ ಆಯ್ತು?’ ಅಂತ ಕೇಳಿ. ‘ಫಲಾನುಭವಿಗಳು ಎಷ್ಟು?’ ಅಂದಾಗ ಒಬ್ಬರು ತಮ್ಮ ಸಂಘದ ಪದಾಧಿಕಾರಿಗಳನ್ನು ಎಣಿಸಿದರು. ತಪ್ಪು ಅವರದಲ್ಲ.

ಕಳಿಸುವ ಹೊತ್ತು

ಮಾರ್ಚ್ ಬೇಡವೇ ಬೇಡ, ಎಲ್ಲರೂ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ. ನವೆಂಬರ್ ಪೂರ್ತಿ ರಾಜ್ಯೋತ್ಸವ. ಕರಾವಳಿಯ ಯಕ್ಷಗಾನ ಮೇಳಗಳು ಮೇ ಕೊನೆಯಲ್ಲಿ ಆಟ ಮುಗಿಸುವ ದಿನವಾದ ಪತ್ತನಾಜೆವರೆಗೆ ತಿರುಗಾಟದಲ್ಲಿರುತ್ತವೆ. ನನ್ನ ಲೆಕ್ಕದಲ್ಲಿ ಜುಲೈ ಒಳ್ಳೆಯದು.

ವಾಟ್ಸ್ಯಾಪ್‌ನಲ್ಲಿ ಲಿಂಕ್ ಕಳಿಸಿ, ಜೊತೆಗೆ ಸ್ಟಾಂಪ್ ಅಂಟಿಸಿದ ಲಕೋಟೆಯ ದಾರಿಯೂ ಇರಲಿ. ಎರಡು ಸಲ ನೆನಪಿಸಿ. ಮೂರನೇ ಸಲ ಫೋನ್ ಮಾಡಿ. ಉತ್ತರ ಕೊಡದವರು ಕೊಟ್ಟವರಂತೆಯೇ ಇರುತ್ತಾರೆ ಅಂದುಕೊಳ್ಳಬೇಡಿ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ತಿಳಿಯಲು ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಣಕು ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ತಿರುಗಿ ಬಂದವು. ಅದನ್ನು ನಂಬಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ಕಳಿಸಿದ ಪಟ್ಟಿಯೇ ಒಂದು ಕಡೆ ವಾಲಿತ್ತು, ಉತ್ತರ ಕೊಟ್ಟವರೂ ವಾಲಿದ್ದರು.

ಪ್ರಾಸಂಗಿಕವಾಗಿ ಹೇಳುವುದಾದರೆ, ಅಮೆರಿಕದಲ್ಲಿ ಫೆಡರಲ್ ಇಲಾಖೆಯೊಂದು ಹತ್ತು ಅಥವಾ ಹೆಚ್ಚು ಜನರಿಗೆ ಒಂದೇ ಪ್ರಶ್ನಾವಳಿ ಕಳಿಸಬೇಕಾದರೆ ಮೊದಲು ಅನುಮತಿ ಪಡೆಯಬೇಕು. ಜನರ ಮೇಲೆ ಕಾಗದದ ಹೊರೆ ಬೀಳಬಾರದು ಅಂತ. ಅನುಮತಿಗೇ ಇಷ್ಟು ಕಾಗದ ಬೇಕಲ್ಲ ಅಂತ ನಗು ಬಂದರೂ, ನಮ್ಮಲ್ಲೂ ಇದ್ದಿದ್ದರೆ ಅನಿಸುತ್ತದೆ.

ಉತ್ತರ ಓದುವಾಗ

ನಲವತ್ತು ಉತ್ತರ ಬಂದಿದ್ದರೆ ‘30 ಶೇಕಡಾ’ ಅಂತ ಬರೆಯಬೇಡಿ, ‘40ರಲ್ಲಿ 12 ಮಂದಿ’ ಅನ್ನಿ. ಬರೆದು ಕೊಟ್ಟ ಉತ್ತರಗಳನ್ನು ಇಬ್ಬರು ಬೇರೆಬೇರೆಯಾಗಿ ಓದಿ ಗುಂಪು ಮಾಡಿ, ಆಮೇಲೆ ಹೋಲಿಸಿ. ಊರಲ್ಲಿ ಓದುಗರು ಹೆಚ್ಚಿದ್ದಕ್ಕೆ ನಿಮ್ಮ ಅನುದಾನವೇ ಕಾರಣ ಅಂತ ಈ ಸಮೀಕ್ಷೆ ಸಾಬೀತು ಮಾಡಲಾರದು. ಪಡೆದವರು ಏನು ಕಂಡರು ಅನ್ನೋದನ್ನಷ್ಟೇ ಹೇಳುತ್ತದೆ.

ಕೊನೆಗೆ, ಉತ್ತರ ಕೊಟ್ಟವರಿಗೆಲ್ಲ ಎರಡು ಪುಟದ ಪತ್ರ ಕಳಿಸಿ: ನೀವು ಹೇಳಿದ್ದು ಇದು, ನಾವು ಬದಲಿಸಿದ್ದು ಇದು, ಬದಲಿಸಲು ಆಗದ್ದು ಇದು. ಮುಂದಿನ ವರ್ಷದ ಅರ್ಜಿ ಕರೆಯುವ ಮೊದಲೇ ಅದು ಅವರ ಕೈಗೆ ಸಿಗಲಿ. ನಮ್ಮ ಪತ್ರದ ಮೊದಲ ಸಾಲು ಅರ್ಧ ಹಣ ಮುಂಗಡವಾಗಿ ಕೊಡುವ ವಿಚಾರವಾಗಿತ್ತು. ಆ ವರ್ಷ ಅರ್ಜಿ ಹಾಕಿದವರಲ್ಲಿ ಹಿಂದೆ ಈ ಕಡೆ ಬರುವುದನ್ನೇ ನಿಲ್ಲಿಸಿದ್ದ ಕೆಲವರ ಹೆಸರೂ ಇತ್ತು.