ಜರಡಿಯಲ್ಲಿ ಉಳಿದ ಗೋಧಿ ತೌಡನ್ನು ಕರುಳಿನ ಬ್ಯಾಕ್ಟೀರಿಯಾಗಳಿಗೆ ಉಣಿಸುವುದು ಹೇಗೆ?

ಚಪಾತಿ ಹಿಟ್ಟನ್ನು ಜರಡಿ ಹಿಡಿದಾಗ ಉಳಿಯುವ ತೌಡು ಹಸುವಿರುವ ಮನೆಯಲ್ಲಿ ಕಲಗಚ್ಚಿಗೆ ಸೇರುತ್ತದೆ, ಇಲ್ಲದ ಮನೆಯಲ್ಲಿ ಕಸದ ಬುಟ್ಟಿಗೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರ ನಾರನ್ನು ಒಡೆಯುವಂತೆ, ಅಷ್ಟು ಸಮರ್ಥವಾಗಿ ಅಲ್ಲದಿದ್ದರೂ, ನಮ್ಮ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳೂ ಒಡೆಯಬಲ್ಲವು. ಈ ನಾರಿನ ಮುಖ್ಯ ಅಂಶವಾದ ಅರಾಬಿನೋಕ್ಸೈಲಾನ್ ಸಣ್ಣಕರುಳಿನಲ್ಲಿ ಜೀರ್ಣವಾಗದೆ ಮುಂದೆ ಸಾಗುತ್ತದೆ. ಅದರ ಒಂದಷ್ಟು ಭಾಗದಿಂದ ಬ್ಯಾಕ್ಟೀರಿಯಾಗಳು ಅಸಿಟೇಟ್, ಪ್ರೊಪಿಯೊನೇಟ್ ಹಾಗೂ ಬ್ಯುಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ.

ಇಂಥ ಆಹಾರಾಂಶಗಳಿಗೆ 1995ರಲ್ಲಿ ವಿಜ್ಞಾನಿಗಳಾದ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರೋಬರ್‌ಫ್ರಾಯ್ಡ್ ‘ಪ್ರಿಬಯಾಟಿಕ್’ ಎಂದು ಹೆಸರಿಟ್ಟರು. ಚಿಕೋರಿ ಬೇರಿನಲ್ಲಿರುವ ಇನ್ಯುಲಿನ್ ಎಂಬ ನಾರಿಗೆ ಇರುವಷ್ಟು ಗಟ್ಟಿ ಪುರಾವೆ ತೌಡಿಗಿಲ್ಲ, ನಿಜ. ಆದರೆ ಇದು ಮನೆಯಲ್ಲೇ ಪುಕ್ಕಟೆಯಾಗಿ ಸಿಗುತ್ತದೆ.

ಮೊದಲು ಗೋಧಿಯನ್ನು ಕಲ್ಲು, ಕಡ್ಡಿ ಆರಿಸಿ, ತೊಳೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಗಿರಣಿಗೆ ಕೊಡಿ. ದನದ ಮೇವೆಂದು ಮಾರುವ ಬೂಸಾವನ್ನು ಮಾತ್ರ ಅಡುಗೆಮನೆಗೆ ತರಬೇಡಿ. ಅದನ್ನು ಮನುಷ್ಯರ ಊಟಕ್ಕೆಂದು ಶುಚಿಗೊಳಿಸಿರುವುದಿಲ್ಲ, ತೇವ ತಗುಲಿದ್ದರೆ ಬೂಷ್ಟೂ ಹಿಡಿದಿರಬಹುದು. ಜರಡಿಯಲ್ಲಿ ಉಳಿದ ತೌಡನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಅದರಲ್ಲಿರುವ ಎಣ್ಣೆಯಂಶ ಹೊರಗಿಟ್ಟರೆ ಬೇಗ ಕಮಟುತ್ತದೆ. ಕಮಟು ವಾಸನೆ ಬಂದರೆ ಎಸೆಯಿರಿ.

ಮುಂದಿನದು ನೆನೆಸುವ ಕೆಲಸ. ಅವಸರದಲ್ಲಿ ಹಲವರು ಬಿಟ್ಟುಬಿಡುವುದು ಇದನ್ನೇ. ತೌಡಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ, ಸತುಗಳನ್ನು ದೇಹಕ್ಕೆ ಸುಲಭವಾಗಿ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಒಡೆಯುವ ಫೈಟೇಸ್ ಎಂಬ ಕಿಣ್ವವೂ ಗೋಧಿಯಲ್ಲೇ ಇದ್ದು, ತುಸು ಹುಳಿಯಾದ ನೀರಿನಲ್ಲಿ ಚುರುಕಾಗುತ್ತದೆ. ಆದ್ದರಿಂದ ಒಂದು ದೊಡ್ಡ ಚಮಚ ತೌಡನ್ನು ಹುರಿಯದೆ, ತೆಳು ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ; ಘಮ ಬರಲೆಂದು ಹುರಿದರೆ ಕಿಣ್ವ ಬಿಸಿಗೆ ಕೆಡುತ್ತದೆ. ಬೆಳಿಗ್ಗೆ ಉಬ್ಬಿ ಮೆತ್ತಗಾದ ತೌಡನ್ನು ಮಜ್ಜಿಗೆಯ ಸಮೇತ ಚಪಾತಿ ಹಿಟ್ಟಿಗೋ ಅಕ್ಕಿರೊಟ್ಟಿಯ ಹಿಟ್ಟಿಗೋ ಸೇರಿಸಿ ನಾದಿ. ಕಾವಲಿಯ ಮೇಲೆ ಬೇಯುವಾಗ ಮಜ್ಜಿಗೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ನಾರು ಉಳಿಯುತ್ತದೆ. ನಮಗೆ ಬೇಕಾದದ್ದೂ ಅದೇ.

ಮೊದಲ ವಾರ ದಿನಕ್ಕೆ ಒಬ್ಬರಿಗೆ ಒಂದು ಸಣ್ಣ ಚಮಚ ಸಾಕು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಬಹುದು. ನಿಧಾನವಾಗಿ ಏರಿಸಿ, ನೀರನ್ನೂ ಹೆಚ್ಚು ಕುಡಿಯಿರಿ. ಗೋಧಿಯ ಗ್ಲುಟೆನ್ ಒಗ್ಗದವರು ಇದರ ತಂಟೆಗೆ ಹೋಗಬಾರದು. ಕಬ್ಬಿಣದ ಮಾತ್ರೆ ನುಂಗುವವರು ಅದನ್ನೂ ತೌಡಿನ ರೊಟ್ಟಿಯನ್ನೂ ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳದೆ, ನಡುವೆ ಕೆಲವು ಗಂಟೆಗಳ ಅಂತರ ಬಿಡಬೇಕು.