ಕಾಂಟೆಸ್ಸಾ ಹಿಂದಿನ ಚಕ್ರಕ್ಕೆ ದೊಡ್ಡ ಡಿಸ್ಕ್: ದಿಂಬಂ ಘಾಟಿ ಇಳಿಸಿ ನೋಡಿದ ನನ್ನ ಅನುಭವ

ಕಾಂಟೆಸ್ಸಾ ಕಾರಿನ ಹಿಂದಿನ ಚಕ್ರಕ್ಕೆ 286 ಮಿ.ಮೀ. ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ, ಪ್ಯಾಡ್ ಹಿಡಿದು ನಿಲ್ಲಿಸುವ ಕಬ್ಬಿಣದ ತಟ್ಟೆ) ಹಾಕುತ್ತೇನೆ ಅಂದಾಗ ಒಬ್ಬರೂ ಒಪ್ಪಲಿಲ್ಲ. ಮೈಸೂರಿನ ಗೆಳೆಯರು ಬೇಡ ಅಂದರು. ಕೊಯಮತ್ತೂರಿನಲ್ಲಿ ಕಾರು ಮಾರ್ಪಡಿಸುವ ಟ್ಯೂನರ್ ಒಬ್ಬರು ಡ್ರಮ್ಮೇ (ಒಳಗಿನಿಂದ ಶೂ ಒತ್ತಿ ಹಿಡಿಯುವ ಹಳೇ ಬ್ರೇಕು) ಸಾಕು, ಅಷ್ಟು ಆಸೆ ಇದ್ದರೆ ಚಿಕ್ಕ ಡಿಸ್ಕ್ ಹಾಕಿಕೊಳ್ಳಿ ಅಂದರು. ಚಾಮರಾಜನಗರದ ಹಿರಿಯ ಮೇಸ್ತ್ರಿಯೊಬ್ಬರು ನೇರವಾಗಿ ಹೇಳಿದರು: "ಹಿಂದ್ಗಡೆ ಅಷ್ಟು ದೊಡ್ಡದು ಹಾಕುದ್ರ ಗಾಡಿ ತಿರುಗ್ಬುಟ್ಟು ನಿಂತ್ಕತದ ಕಣಪ್ಪ." ಆ ಕಾರು ಈಗ ಒಂದು ಮಳೆಗಾಲ ಪೂರ್ತಿ ತಮಿಳುನಾಡಿನ ದಿಂಬಂ ಘಾಟಿ ಹತ್ತಿ ಇಳಿದಿದೆ. ಎಲ್ಲೂ ತಿರುಗಿಲ್ಲ. ಕಾಲಲ್ಲಿ ತುಳಿಯುವ ಬ್ರೇಕ್ ಪ್ಯಾಡಲ್ ಒಂದು ಸಲವೂ ಮೆತ್ತಗಾಗಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರು ದೊಡ್ಡ ಗಾಜನೂರು ಕಡೆಯ ಒಬ್ಬ ರೈತರದ್ದು. ಇಸುಜು 1.8 ಎಂಜಿನ್‌ನ ಕಾಂಟೆಸ್ಸಾ ಕ್ಲಾಸಿಕ್. ವಾಕ್ಸ್‌ಹಾಲ್ ವಿಎಕ್ಸ್ ಬಾಡಿ ತಂದು ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ಮಾಡಿದ ಗಾಡಿ. ಉದ್ದ ಬಾನೆಟ್ಟು, ಹಿಂದಕ್ಕೆ ಗಟ್ಟಿ ಆಕ್ಸಲ್, ಹಿಂದಿನ ಚಕ್ರಕ್ಕೇ ಎಳೆತ. ನಮ್ಮ ದೇಶದ ಮಸಲ್ ಕಾರು ಅಂತ ಸುಮ್ನೆ ಕರೆಯುವುದಿಲ್ಲ. ಇದಕ್ಕೆ ಬಾನೆಟ್ ಸ್ಕೂಪ್, ಅಗಲ ಟೈರು, 16 ಇಂಚಿನ ಅಲಾಯ್ ಎಲ್ಲ ಮೊದಲೇ ಬಿದ್ದಿತ್ತು. ಮುಂದಿನ ಬ್ರೇಕನ್ನೂ ನಾನೇ ಬದಲಿಸಿದ್ದೆ: 288 ಮಿ.ಮೀ. ಗಾಳಿ ಆಡುವ ಡಿಸ್ಕ್, 54 ಮಿ.ಮೀ. ಪಿಸ್ಟನ್‌ನ ಕ್ಯಾಲಿಪರ್ (ಆಯಿಲ್ ಒತ್ತಡಕ್ಕೆ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ). ಹಿಂದೆ ಮಾತ್ರ ಹಳೇ ಡ್ರಮ್.

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಇಳಿಯಲೇಬೇಕು. 27 ಹೇರ್‌ಪಿನ್ ತಿರುವು. ಮುಂದೆ ಕಬ್ಬಿನ ಲಾರಿ ಸಿಕ್ಕಿದರೆ ಮುಗಿಯಿತು, ಘಾಟಿಯ ಬುಡದ ಬಣ್ಣಾರಿ ಬರುವವರೆಗೆ ಬ್ರೇಕ್ ಮೇಲೆ ಕಾಲು. ಕೆಳಗೆ ನಿಲ್ಲಿಸಿ ಟೆಂಪರೇಚರ್ ಗನ್ ಹಿಡಿದು ನೋಡಿದರೆ ಮುಂದಿನ ಡಿಸ್ಕ್ 350 ಡಿಗ್ರಿಯ ಮೇಲೆ, ಹಿಂದಿನ ಡ್ರಮ್ 100ರ ಆಸುಪಾಸು. ಡ್ರಮ್ಮಿನ ಬಿಸಿ ಹೊರಗಿನಿಂದ ಕಡಿಮೆ ತೋರಿಸುತ್ತದೆ, ಸರಿ. ಆದರೂ ಈ ಅಂತರ ತುಂಬಾ ಜಾಸ್ತಿ ಅಲ್ವಾ? ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗಲೇ 205 ಡಿಗ್ರಿಗೆ ಕುದಿಯಬಹುದು, ಡಾಟ್ 4 ಅಂದರೆ 230. ನೀರು ಹೀರಿಕೊಂಡ ಮೇಲೆ ಇನ್ನೂ ಕೆಳಗೆ. ಕೊನೆಯ ತಿರುವುಗಳಲ್ಲಿ ಪ್ಯಾಡಲ್ ಅರ್ಧಕ್ಕೆ ಇಳಿಯುತ್ತಿತ್ತು. ಮುಂದಕ್ಕೆ ಇನ್ನೂ ದೊಡ್ಡದು ಹಾಕಿ ಎಂದು ಸಲಹೆ ಕೊಟ್ಟವರಿಗೆ ನಾನು ಕೇಳಿದ್ದು ಒಂದೇ: ಹಿಂದಿನ ಎರಡು ಚಕ್ರ ಸುಮ್ನೆ ಉರುಳುತ್ತಾ ಬರುವಾಗ ಎಲ್ಲ ಭಾರ ಮುಂದಿನದೇ ಯಾಕೆ ಹೊರಬೇಕು?

ಹಿಂದೆ ದೊಡ್ಡ ಡಿಸ್ಕ್ ಹಾಕಿದರೆ ಚಕ್ರ ಲಾಕ್ ಆಗಿ ಜಾರುತ್ತದೆ ಅನ್ನುವವರು ಡಿಸ್ಕಿನ ಅಳತೆ ಮಾತ್ರ ನೋಡುತ್ತಾರೆ. ಪಿಸ್ಟನ್ ನೋಡುವುದಿಲ್ಲ. 255ರ ಡಿಸ್ಕಿಗೆ 41 ಮಿ.ಮೀ. ಪಿಸ್ಟನ್ ಹಾಕಿ. ಇನ್ನೊಂದು ಕಡೆ 286ರ ಡಿಸ್ಕಿಗೆ 38 ಮಿ.ಮೀ. ಪಿಸ್ಟನ್ ಹಾಕಿ. ಹಿಡಿತ ಹೆಚ್ಚುಕಡಿಮೆ ಒಂದೇ ಬರುತ್ತದೆ. ಡಿಸ್ಕ್ ದೊಡ್ಡದಾದ್ದರಿಂದ ನೂರಕ್ಕೆ ಹದಿಮೂರರಷ್ಟು ಸಿಕ್ಕಿದ್ದು, ಪಿಸ್ಟನ್ ಚಿಕ್ಕದಾದ್ದರಿಂದ ಹದಿನಾಲ್ಕರಷ್ಟು ಹೋಯಿತು. ಆದರೆ ತೂಕ? ಪಕ್ಕದ ತರಕಾರಿ ಮಂಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಚಿಕ್ಕದು ಮೂರು ಕಿಲೋ ಚಿಲ್ಲರೆ, ದೊಡ್ಡದು ಹತ್ತಿರ ಐದು ಕಿಲೋ. ಆ ಹೆಚ್ಚಿನ ಕಬ್ಬಿಣವೇ ಬಿಸಿ ಕುಡಿಯುವುದು. ನನಗೆ ಬೇಕಾಗಿದ್ದು ಹೆಚ್ಚು ಹಿಡಿತ ಅಲ್ಲ, ಬಿಸಿ ಇಟ್ಟುಕೊಳ್ಳಲು ಜಾಗ. ದೊಡ್ಡ ಡಿಸ್ಕ್, ಚಿಕ್ಕ ಪಿಸ್ಟನ್. ಈ ಕೆಲಸದ ಗುಟ್ಟು ಅಷ್ಟೇ.

ಇನ್ನೊಂದು ಮಾತು. ಪೂರ್ತಿ ತುಳಿದು ನಿಲ್ಲಿಸುವಾಗ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ನಿಜ. ಆದರೆ ಘಾಟಿ ಇಳಿಯುವಾಗ ಯಾರೂ ಪೂರ್ತಿ ತುಳಿಯುವುದಿಲ್ಲ. ಮೆಲ್ಲಗೆ, ತುಂಬಾ ಹೊತ್ತು ಹಿಡಿಯುತ್ತೇವೆ. ಆಗ ಹಿಂದಿನ ಟೈರಿನ ಮೇಲೆ ಸಾಕಷ್ಟು ಭಾರ ಇದ್ದೇ ಇರುತ್ತದೆ. ಮುಂದೆ 54, ಹಿಂದೆ 38 ಅಂದರೆ ಕೆಲಸದ ಮೂರನೇ ಒಂದು ಭಾಗ ಹಿಂದಕ್ಕೆ ಹೋಗುತ್ತದೆ. ಮೆಲ್ಲಗೆ ಹಿಡಿಯುವಾಗ ಇದು ಸರಿಯಾದ ಪಾಲು. ಜೋರಾಗಿ ತುಳಿದಾಗ ಮಾತ್ರ ಜಾಸ್ತಿ. ಅದನ್ನು ವಾಲ್ವ್ ನೋಡಿಕೊಳ್ಳುತ್ತದೆ, ಮುಂದೆ ಹೇಳುತ್ತೇನೆ.

ಸಾಮಾನು ಹುಡುಕಿದ್ದು ಕೊಯಮತ್ತೂರಿನ ಉಕ್ಕಡಂ ಗುಜರಿಯಲ್ಲಿ ಮತ್ತು ಬೆಂಗಳೂರಿನ ಶಿವಾಜಿನಗರದಲ್ಲಿ. ಉಕ್ಕಡಂನಲ್ಲಿ ಫೋಕ್ಸ್‌ವ್ಯಾಗನ್ ಪಸಾಟ್‌ನ ಹಿಂದಿನ ಕ್ಯಾಲಿಪರ್ ಅಗ್ಗಕ್ಕೆ ಸಿಗುತ್ತಿತ್ತು. ಅದರ ಹ್ಯಾಂಡ್‌ಬ್ರೇಕ್ ಕರೆಂಟಿನದ್ದು, ಮೋಟಾರ್ ಅಂಟಿಕೊಂಡಿರುತ್ತದೆ. ನಮಗೆ ಕೇಬಲ್ ಎಳೆಯುವ ಲಿವರ್ ಇರುವುದೇ ಬೇಕು. ಕೊನೆಗೆ ಶಿವಾಜಿನಗರದಲ್ಲಿ ಸ್ಕೋಡಾ ಲಾರಾದ 38 ಮಿ.ಮೀ. ಜೋಡಿ ಸಿಕ್ಕಿತು, ಆರೂವರೆ ಸಾವಿರವೋ ಏನೋ. ರಿಪೇರಿ ಕಿಟ್ ಹಾಕಿ, ಪಿನ್ ಬದಲಿಸಿ, ಪಾಲಿಶ್ ಮಾಡಲು ಇನ್ನೆರಡು ಸಾವಿರ. ಡಿಸ್ಕ್ ಮಾತ್ರ ಹೊಸದೇ ತಂದೆ, ಜೋಡಿಗೆ ಏಳು ಸಾವಿರದ ಹತ್ತಿರ. ಗುಜರಿ ಡಿಸ್ಕ್ ತರಬೇಡಿ. ಒಂದು ಸಲ ಸ್ಕಿಮ್ ಮಾಡಿಸಿದರೆ (ಲೇತಿನಲ್ಲಿ ಮೇಲ್ಮೈ ಕೆರೆಸಿದರೆ) ದಪ್ಪ ಉಳಿಯುವುದಿಲ್ಲ, 12 ಮಿ.ಮೀ. ಇರುವುದೇ ನಮಗೆ ಬೇಕಾದ ಕಬ್ಬಿಣ. ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಫ್ಲ್ಯಾಂಜಿನ ತೂತಿಗೆ ಡಿಸ್ಕಿನ ತೂತು ಕೂಡುವುದಿಲ್ಲ, ಹೊಸದಾಗಿ ಕೊರೆಸಬೇಕು. ನಡುವಿನ 65 ಮಿ.ಮೀ. ತೂತಿಗೆ ಲೇತಿನಲ್ಲಿ ಒಂದು ರಿಂಗ್ ಮಾಡಿಸಿದೆ. ಬೋಲ್ಟಿನ ಮೇಲೆ ಡಿಸ್ಕ್ ಕೂರಿಸಬಾರದು, ರಿಂಗಿನ ಮೇಲೆ ಕೂರಬೇಕು.

ದುಡ್ಡು ಹೆಚ್ಚು ತಿಂದಿದ್ದು ಕ್ಯಾಲಿಪರನ್ನು ಆಕ್ಸಲ್ಲಿಗೆ ಹಿಡಿಸುವ ಬ್ರಾಕೆಟ್. ಮೊದಲನೆಯದನ್ನು ಕೊಯಮತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಡ್ರಾಯಿಂಗಿನಲ್ಲಿ 12 ಮಿ.ಮೀ. ಅಂತ ಬರೆದಿದ್ದರೂ ಅವರು ತೆಳು ಎಂಎಸ್ (ಮೆದು ಉಕ್ಕು) ಪ್ಲೇಟಿನಲ್ಲಿ ಕತ್ತರಿಸಿ ಕೊಟ್ಟರು. ಬ್ರೇಕ್ ಹಿಡಿದಾಗ ಬಾಗುತ್ತಿತ್ತು, ಹಿಂದಿನಿಂದ ಕೊಂಯ್ ಅಂತ ಸದ್ದು. ಮೂರು ಸಾವಿರ ನೀರಿಗೆ ಹೋಯಿತು. ಎರಡನೇ ಸಲ ಇಎನ್8 ಅನ್ನುವ ಗಟ್ಟಿ ಉಕ್ಕು ತಂದು ಕೊಟ್ಟು, ಲೇತಿನ ಪಕ್ಕದಲ್ಲೇ ಕುಳಿತು ಮಾಡಿಸಿದೆ. ಆಕ್ಸಲ್ ಟ್ಯೂಬಿಗೆ ವೆಲ್ಡಿಂಗ್ ಇಲ್ಲ, ಡ್ರಮ್ ಬ್ಯಾಕ್‌ಪ್ಲೇಟ್ ಕೂರುವ ಬೋಲ್ಟುಗಳಿಗೇ ಹಿಡಿಸಿದ್ದು. ಡಿಸ್ಕಿನ ನಡುವೆ ಕ್ಯಾಲಿಪರ್ ಸರಿಯಾಗಿ ಬರಲು ಎಷ್ಟು ಪ್ಯಾಕಿಂಗ್ ಕೊಟ್ಟೆ ಅನ್ನುವುದು ನನ್ನ ಡೈರಿಯಲ್ಲೇ ಇರಲಿ. ನಿಮ್ಮ ಗಾಡಿಯಲ್ಲಿ ನೀವು ಅಳೆಯಲೇಬೇಕು.

ಎಲ್ಲ ಕೂರಿಸಿ, ಬ್ಲೀಡಿಂಗ್ ಮಾಡಿ (ಪೈಪಿನ ಗಾಳಿ ತೆಗೆದು) ಹೊರಗೆ ತೆಗೆದರೆ ರಾಮಾಪುರದ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಸುಟ್ಟ ವಾಸನೆ. ಬ್ರೇಕ್ ತುಳಿಯದೇ ಇದ್ದರೂ ಡಿಸ್ಕ್ 200 ದಾಟಿದೆ. ಕ್ಯಾಲಿಪರ್ ಬಿಚ್ಚಿದರೆ ಪಿಸ್ಟನ್ ಸಲೀಸಾಗಿ ಓಡಾಡುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲವೇ ಇದೆ. ಎರಡು ದಿನ ತಲೆ ಕೆಡಿಸಿತು. ಕಾರಣ, ಪ್ಯಾಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿತ್ತು. ಈ ಗಾಡಿಗೆ ಹಿಂದೆ ಯಾರೋ ಬೇರೆ ಗಾಡಿಯ ಸಿಲಿಂಡರ್ ಹಾಕಿದ್ದರು. ಡ್ರಮ್ಮಿಗೆ ಬೇಕಾಗುವ ರೆಸಿಡ್ಯುಯಲ್ ವಾಲ್ವ್ ಅದರೊಳಗೇ ಕುಳಿತಿತ್ತು. ಕಾಲು ತೆಗೆದ ಮೇಲೂ ಪೈಪಿನಲ್ಲಿ ಹತ್ತು ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಒತ್ತಡ ಹಿಡಿದಿಡುವುದೇ ಅದರ ಕೆಲಸ. ಡ್ರಮ್ಮಿನಲ್ಲಿ ಶೂ ಎಳೆಯುವ ಸ್ಪ್ರಿಂಗ್ ಇರುತ್ತದೆ, ನಡೆಯುತ್ತದೆ. ಡಿಸ್ಕಿನಲ್ಲಿ ಸ್ಪ್ರಿಂಗ್ ಎಲ್ಲಿದೆ? ಪ್ಯಾಡ್ ಉಜ್ಜುತ್ತಲೇ ಇತ್ತು. ನಾಲ್ಕೂ ಡಿಸ್ಕ್ ಇರುವ ಗಾಡಿಯ ಮಾಸ್ಟರ್ ಸಿಲಿಂಡರ್ ತಂದು ಹಾಕಿದ ಮೇಲೆ ಚಕ್ರ ಕೈಯಲ್ಲಿ ತಿರುಗಿಸಿದರೆ ಹಗುರಾಗಿ ತಿರುಗಿತು.

ಆಮೇಲೆ ಇನ್ನೊಂದು. ಸಪಾಟು ರಸ್ತೆಯಲ್ಲಿ ಪ್ಯಾಡಲ್ ಕಲ್ಲಿನ ಹಾಗೆ. ಘಾಟಿಯಲ್ಲಿ ಮಾತ್ರ ಪ್ರತಿ ಹೇರ್‌ಪಿನ್ ಆದ ಮೇಲೆ ಮೊದಲ ತುಳಿತ ಕೆಳಗೆ ಹೋಗುತ್ತದೆ, ಎರಡನೆಯದು ಸರಿ. ಏರ್ ಇದೆ ಅಂತ ಮತ್ತೆ ಮತ್ತೆ ಬ್ಲೀಡಿಂಗ್ ಮಾಡಿ ಆಯಿಲ್ ಖಾಲಿ ಮಾಡುವವರೇ ಜಾಸ್ತಿ. ಅದು ಏರ್ ಅಲ್ಲ. ತಿರುವಿನಲ್ಲಿ ಆಕ್ಸಲ್ ಪಕ್ಕಕ್ಕೆ ಜರುಗಿ, ಡಿಸ್ಕ್ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಡಯಲ್ ಗೇಜ್ ಇಟ್ಟು ನೋಡಿದರೆ ಬೇರಿಂಗಿನ ಆಟ ಕಣ್ಣಿಗೇ ಕಾಣಿಸಿತು. ಡ್ರಮ್ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ಎರಡೂ ಕಡೆ ಹೊಸ ಬೇರಿಂಗ್ ಹೊಡೆದೆ, ಕ್ಯಾಲಿಪರ್ ಪಿನ್‌ಗಳಿಗೆ ಒಳ್ಳೆಯ ಗ್ರೀಸ್ ಹಾಕಿದೆ, ಹೋಯಿತು.

ಈಗ ವಾಲ್ವಿನ ವಿಷಯ. ಹಿಂದಿನ ಲೈನಿಗೆ ಮಾತ್ರ ವಿಲ್‌ವುಡ್ ಕಂಪನಿಯ, ನಾಬ್ ತಿರುಗಿಸುವ ಪ್ರೊಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಪಾಲು ಹೊಂದಿಸುವುದು). ಹೊರದೇಶದಿಂದ ಬಂದ ಒಬ್ಬರ ಕೈಯಲ್ಲಿ ತರಿಸಿದ್ದು, ಎಂಟು ಸಾವಿರದ ಮೇಲಾಯಿತು. ಇದರ ಒಳ್ಳೆಯ ಗುಣ ಅಂದರೆ, ಒತ್ತಡ ಒಂದು ಮಟ್ಟಕ್ಕೆ ಬರುವವರೆಗೆ ಏನೂ ಮಾಡುವುದಿಲ್ಲ. ಅದಾದ ಮೇಲಷ್ಟೇ ಹಿಂದಿನ ಒತ್ತಡ ಏರುವುದನ್ನು ನಿಧಾನ ಮಾಡುತ್ತದೆ. ಮಟ್ಟ 100ರಿಂದ 1000 ಪಿಎಸ್‌ಐ ನಡುವೆ ಎಲ್ಲಿ ಬೇಕಾದರೂ ಇಡಬಹುದು. ಘಾಟಿಯಲ್ಲಿ ಮೆಲ್ಲಗೆ ಹಿಡಿದಾಗ ಹಿಂದಕ್ಕೆ ಪೂರ್ತಿ ಪಾಲು, ಆನೆ ಅಡ್ಡ ಬಂದು ಗಕ್ಕಂತ ತುಳಿದಾಗ ಹಿಂದಕ್ಕೆ ಕಡಿಮೆ. ನಮಗೆ ಬೇಕಾಗಿದ್ದೂ ಅದೇ ತಾನೇ? ಗಾಡಿಯಲ್ಲಿ ಹಳೇ ಲಿಮಿಟಿಂಗ್ ವಾಲ್ವ್ ಏನಾದರೂ ಇದ್ದರೆ ಕಿತ್ತುಹಾಕಿ. ಎರಡು ಒಟ್ಟಿಗೆ ಇದ್ದರೆ ಏನು ಹೊಂದಿಸಿದರೂ ಹೊಂದುವುದಿಲ್ಲ.

ಹೊಂದಿಸುವಾಗ ಟೈರಿನ ಪಕ್ಕಕ್ಕೆ ಚಾಕ್‌ಪೀಸಿನಲ್ಲಿ ದಪ್ಪ ಗೆರೆ ಎಳೆದು, ಹುಡುಗನನ್ನು ರಸ್ತೆ ಬದಿ ನಿಲ್ಲಿಸಿ ಫೋನಿನಲ್ಲಿ ವಿಡಿಯೋ ಮಾಡಿಸಿದೆ. ಬೆಳಿಗ್ಗೆ, ಖಾಲಿ ರಸ್ತೆ, ಐವತ್ತರ ವೇಗ, ಪೂರ್ತಿ ತುಳಿತ. ಯಾವ ಗೆರೆ ಮೊದಲು ನಿಲ್ಲುತ್ತದೆ ನೋಡಿ. ಯಾವಾಗಲೂ ಮುಂದಿನದೇ ಮೊದಲು ನಿಲ್ಲಬೇಕು. ಒಣ ರಸ್ತೆಯಲ್ಲಿ ಒಂದು ಸಲ, ಮಳೆ ಬಿದ್ದ ಮೇಲೆ ಇನ್ನೊಂದು ಸಲ, ಹಿಂದಿನ ಸೀಟಿನಲ್ಲಿ ಜನ ಕೂರಿಸಿಯೂ, ಕೂರಿಸದೆಯೂ ನೋಡಿದೆ. ನಾಬ್ ಎಷ್ಟು ಸುತ್ತಿನಲ್ಲಿ ನಿಂತಿತು, ಹಿಂದಿನ ಪ್ಯಾಡ್ ಯಾವ ಕಾಂಪೌಂಡ್ (ಮಿಶ್ರಣ) ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಾನು ತುಂಬಾ ಸುಟ್ಟಿದ್ದೇನೆ, ಪ್ಯಾಡನ್ನೂ ದುಡ್ಡನ್ನೂ.

ಈ ನಡುವೆ ಎರಡು ಪಕ್ಕದ ಪ್ರಯೋಗ ಆದವು. ಮಾಲೀಕರ ಮಗನಿಗೆ ತೂತಿರುವ ಡಿಸ್ಕಿನ ಆಸೆ. "ಮಾಮ, ನೋಡಕ್ಕೆ ಚೆಂದ ಇರ್ತದ" ಅಂತ ಹಿಂದೆ ಬಿದ್ದಿದ್ದ. ಹಳೇ ಡಿಸ್ಕಿನ ಒಂದು ಜೋಡಿಗೆ ಡ್ರಿಲ್ ಮಾಡಿಸಿ ಹಾಕಿದೆ. ಕೆಲವು ವಾರಕ್ಕೇ ತೂತಿನ ಅಂಚಿನಿಂದ ಕೂದಲೆಳೆ ಬಿರುಕು ಹೊರಟಿತು. ಕಬ್ಬಿಣ ಬೇಕು ಅಂತ ದೊಡ್ಡದು ತಂದು, ಅದರಲ್ಲೇ ತೂತು ಕೊರೆದು ಕಬ್ಬಿಣ ತೆಗೆಯುವುದು ಯಾವ ಲೆಕ್ಕ? ಆ ಜೋಡಿ ಈಗ ಅಂಗಡಿಯ ಗೋಡೆಗೆ ನೇತುಹಾಕಿದ್ದೇನೆ, ಕೇಳಿದವರಿಗೆ ಬಿರುಕು ತೋರಿಸಲು. ಇನ್ನೊಂದು, ಒಂದು ಅಂಬಾಸಿಡರ್‌ಗೆ ಹೋಂಡಾ ಸಿವಿಕ್‌ನ ಚಿಕ್ಕ ಪಿಸ್ಟನ್‌ನ ಹಿಂದಿನ ಕ್ಯಾಲಿಪರ್ ಹಾಕಿ ನೋಡಿದ್ದು. ಹಿಂದಿನ ಡಿಸ್ಕ್ ಬೆಚ್ಚಗೂ ಆಗಲಿಲ್ಲ. ಪಿಸ್ಟನ್ ತೀರಾ ಚಿಕ್ಕದಾದರೂ ಪ್ರಯೋಜನ ಇಲ್ಲ, ಮುಂದಿನ ಪಿಸ್ಟನ್ ಎಷ್ಟಿದೆ ಅಂತ ನೋಡಿಕೊಂಡೇ ಹಿಂದಿನದು ಆರಿಸಬೇಕು.

ಹ್ಯಾಂಡ್‌ಬ್ರೇಕಿಗೆ ಕೇಬಲ್ ಬೇರೆಯಾಗಿ ಕಟ್ಟಿಸಿದೆ, ಎರಡು ಸಾವಿರದೊಳಗೆ. ಈ ಕ್ಯಾಲಿಪರಿನ ಪಿಸ್ಟನ್ನನ್ನು ಒಳಗೆ ತಳ್ಳುವುದಲ್ಲ, ತಿರುಗಿಸುತ್ತಾ ಒತ್ತಬೇಕು. ಸಿ-ಕ್ಲ್ಯಾಂಪ್ ಹಾಕಿ ಬಲವಂತ ಮಾಡಿದರೆ ಒಳಗಿನ ಸ್ಕ್ರೂ ಹೋಗುತ್ತದೆ. ಮೊದಲು ಪ್ಯಾಡಲ್ ತುಳಿದು ಪ್ಯಾಡ್ ಹೊಂದಿಸಿ, ಆಮೇಲೆ ಕೇಬಲ್ ಬಿಗಿ ಮಾಡಿ. ದಿಂಬಂ ತಿರುವಿನ ಏರಿನಲ್ಲಿ ಐದು ಜನ ಕುಳಿತ ಗಾಡಿಯನ್ನು ನಿಲ್ಲಿಸಿಕೊಂಡಿದೆ.

ಒಟ್ಟು ಖರ್ಚು, ಹಾಳಾದ ಬ್ರಾಕೆಟ್ಟೂ ಸೇರಿ, ನಲವತ್ತು ಸಾವಿರ ದಾಟಿತು. ನನ್ನ ಕೂಲಿ ಬಿಟ್ಟು. ರೆಡಿ ಕಿಟ್ ತರಿಸಿ ಅನ್ನುವವರಿದ್ದಾರೆ. ಕಾಂಟೆಸ್ಸಾಗೆ ಅಂತ ಮಾಡಿದ ಕಿಟ್ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದರೂ ನಾನು ಪಿಸ್ಟನ್ ಅಳತೆ ಕೇಳದೆ ತರುವುದಿಲ್ಲ.

2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇರುವುದರಿಂದ ಪರೀಕ್ಷೆಯೆಲ್ಲ ಬೆಳಗಿನ ಹೊತ್ತೇ. ಕಬ್ಬಿನ ಲಾರಿಯ ಹಿಂದೆ ಬೇಕಂತಲೇ ಸಿಕ್ಕಿಸಿಕೊಂಡು ಇಳಿದೆ. ಬಣ್ಣಾರಿಯಲ್ಲಿ ಗನ್ ಹಿಡಿದರೆ ಮುಂದಿನದು 260ರ ಸುತ್ತ, ಹಿಂದಿನದು 200ರ ಸುತ್ತ. ಮೊದಲು ಮುಂದಿನ ಪ್ಯಾಡ್ ಎರಡು ಜೋಡಿ ಸವೆಯುವಷ್ಟರಲ್ಲಿ ಹಿಂದಿನ ಡ್ರಮ್ಮಿನ ಲೈನರ್ (ಶೂ ಮೇಲಿನ ಸವೆಯುವ ಪದರ) ಹೊಸದರ ಹಾಗೇ ಇರುತ್ತಿತ್ತು. ಮೊನ್ನೆ ಚಕ್ರ ಬಿಚ್ಚಿ ನೋಡಿದಾಗ ಮುಂದೆ ಅರ್ಧ ಸವೆದಿದೆ, ಹಿಂದೆ ಮೂರನೇ ಒಂದು ಭಾಗ. ಚಾಮರಾಜನಗರದ ಆ ಮೇಸ್ತ್ರಿ ಕಳೆದ ತಿಂಗಳು ತಾವೇ ಒಂದು ಸಲ ಇಳಿಸಿ ನೋಡಿ, ತಮ್ಮ ಹತ್ತಿರ ಇರುವ ಇನ್ನೊಂದು ಕಾಂಟೆಸ್ಸಾಗೆ ಬ್ರಾಕೆಟ್ ಮಾಡಿಕೊಡು ಅಂದಿದ್ದಾರೆ. ಇಎನ್8 ಪ್ಲೇಟಿಗೆ ಆರ್ಡರ್ ಕೊಟ್ಟಾಗಿದೆ.